ಕೊಲ್ಲಾರಿ ಚಕ್ಕಡಿ: ಗಾಲಿಗಳ ಮೇಲಿನ ಮನೆಯ ಆರೈಕೆ ಮತ್ತು ದುರಸ್ತಿ

ನಗರಗಳಲ್ಲಿ ಇಂದು ಕ್ಯಾಂಪರ್ ವ್ಯಾನ್, ಕ್ಯಾರವಾನ್ ಎಂಬ ಹೆಸರುಗಳು ಬಳಕೆಗೆ ಬಂದಿವೆ. ಊಟ, ನಿದ್ದೆ, ಪ್ರಯಾಣಗಳೆಲ್ಲ ಒಂದೇ ವಾಹನದಲ್ಲಿ ನಡೆಯಬೇಕೆಂಬುದು ಅದರ ಕಲ್ಪನೆ. ಧಾರವಾಡ ಜಿಲ್ಲೆಯ ಎರೆಭೂಮಿಗೆ ಈ ಕಲ್ಪನೆ ಹೊಸದಲ್ಲ. ನವಲಗುಂದ ತಾಲ್ಲೂಕಿನ ತಿರ್ಲಾಪುರ ಮತ್ತು ಅದರ ಸುತ್ತಲಿನ ಹಳ್ಳಿಗಳ ರೈತ ಕುಟುಂಬಗಳಿಗೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ವಾಹನವೆಂದರೆ ತಲೆಮಾರುಗಳ ಕಾಲ ಕೊಲ್ಲಾರಿ ಚಕ್ಕಡಿಯೇ ಆಗಿತ್ತು. ಬಾಗಿದ ಬಿದಿರಿನ ಮೇಲೆ ಚಾಪೆ, ತಟ್ಟು ಹೊದಿಸಿ ಮಾಡಿದ ಕಮಾನಿನ ಮೇಲ್ಛಾವಣಿ, ಒಳಗೆ ಹುಲ್ಲಿನ ಹಾಸಿನ ಮೇಲೆ ಜಮಖಾನ, ಮೂಲೆಯಲ್ಲಿ ರೊಟ್ಟಿಯ ಗಂಟು, ಕೆಳಗೆ ತೂಗುವ ಮೇವಿನ ಜಾಲರಿ. ನಾಲ್ಕಾರು ದಿನ ಇಡೀ ಮನೆತನ ಅದರಲ್ಲೇ ವಾಸ ಮಾಡುತ್ತಿತ್ತು. ಎಳ್ಳ ಅಮಾವಾಸ್ಯೆಯ ಚರಗಕ್ಕೆ ಹೊಲಕ್ಕೆ ಹೋಗುವುದೂ ಇದೇ ಬಂಡಿಯಲ್ಲಿ.

ಟ್ರ್ಯಾಕ್ಟರ್ ಬಂದ ಮೇಲೆ ಈ ಬಂಡಿಗಳ ಸಂಖ್ಯೆ ಇಳಿದಿದೆಯಾದರೂ ಅವು ಪೂರ್ತಿಯಾಗಿ ಮರೆಯಾಗಿಲ್ಲ. ಜಾತ್ರೆಯ ದಿನಗಳಲ್ಲಿ ಸವದತ್ತಿಯ ದಾರಿಯಲ್ಲಿ ಸಿಂಗರಿಸಿದ ಚಕ್ಕಡಿಗಳ ಸಾಲು ಈಗಲೂ ಕಾಣುತ್ತದೆ. ಆದರೆ ಹೀಗೆ ರಸ್ತೆಗೆ ಇಳಿಯುವ ಬಂಡಿಗಳಲ್ಲಿ ಹೆಚ್ಚಿನವು ಹಳೆಯವು. ವರ್ಷದಲ್ಲಿ ಬಹುಕಾಲ ಹಿತ್ತಲಲ್ಲಿ ನಿಂತು, ಹಬ್ಬಕ್ಕೆ ಮಾತ್ರ ಹೊರಬರುವವು. ನಿತ್ಯ ಬಳಕೆಯಲ್ಲಿರುವ ಬಂಡಿಗಿಂತ ನಿಂತೇ ಇರುವ ಬಂಡಿ ಹೆಚ್ಚು ಅಪಾಯಕಾರಿ ಎಂಬುದು ಬಡಿಗರ ಅನುಭವ. ಹಳೆಯ ಚಕ್ಕಡಿಯ ಆರೈಕೆಯಲ್ಲಿ ಮನೆಯವರೇ ಮಾಡಿಕೊಳ್ಳಬಹುದಾದ ಕೆಲಸಗಳಾವುವು, ಬಡಿಗ ಮತ್ತು ಕಮ್ಮಾರರ ಕೈಗೇ ಬಿಡಬೇಕಾದವು ಯಾವುವು ಎಂಬ ತಿಳಿವಳಿಕೆ ಹಿಂದೆ ಪ್ರತಿ ಮನೆಯಲ್ಲಿಯೂ ಇತ್ತು. ಇಂದು ಅದನ್ನು ಬರೆದು ಹೇಳಬೇಕಾದ ಕಾಲ ಬಂದಿದೆ.

ಕೀಲೆಣ್ಣೆ

ಚಕ್ಕಡಿಯ ಆರೈಕೆಯ ಮೊದಲ ಪಾಠ ಕೀಲೆಣ್ಣೆ. ಗಾಲಿಯ ನಡುವಿನ ಗುಂಬವು ಅಚ್ಚಿನ ಮೇಲೆ ತಿರುಗುವ ಜಾಗಕ್ಕೆ ಹಚ್ಚುವ ಈ ಲೇಪವನ್ನು ಔಡಲೆಣ್ಣೆ, ಅಂದರೆ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಬೂದಿಯನ್ನು ಕಲಸಿ ತಯಾರಿಸುತ್ತಿದ್ದರು. ಬಿದಿರಿನ ಗೊಟ್ಟದಲ್ಲಿ ಅಥವಾ ಕೋಡಿನಲ್ಲಿ ತುಂಬಿ ಬಂಡಿಯ ಕೆಳಗೆ ತೂಗುಹಾಕುವುದು ರೂಢಿ. ಔಡಲೆಣ್ಣೆಯ ಆಯ್ಕೆ ಆಕಸ್ಮಿಕವಲ್ಲ. ಉಳಿದ ಅಡುಗೆ ಎಣ್ಣೆಗಳಿಗಿಂತ ಅದು ಬಹಳ ಗಟ್ಟಿ. ಬಿಸಿಯಾದಾಗಲೂ ಬೇಗ ಹರಿದುಹೋಗದೆ ಲೋಹಕ್ಕೆ ಅಂಟಿಕೊಳ್ಳುತ್ತದೆ. ಇದೇ ಗುಣಕ್ಕಾಗಿ ಮೊದಲ ಮಹಾಯುದ್ಧದ ಕಾಲದ ವಿಮಾನಗಳ ಎಂಜಿನ್‌ಗಳಿಗೂ ಅದನ್ನು ಬಳಸಲಾಗಿತ್ತು. ಇಂಗ್ಲೆಂಡಿನ ಹೆಸರಾಂತ ಕ್ಯಾಸ್ಟ್ರಾಲ್ ಎಣ್ಣೆಯ ಹೆಸರಿನಲ್ಲಿ ಅಡಗಿರುವುದೂ ಔಡಲವೇ.

ಇಂದು ಪೇಟೆಯ ಗ್ರೀಸ್ ಎಲ್ಲೆಡೆ ಸಿಗುತ್ತದೆ. ಅದನ್ನು ಬಳಸಲು ಅಡ್ಡಿಯಿಲ್ಲ. ತಪ್ಪಾಗುವುದು ಹಚ್ಚುವ ಕ್ರಮದಲ್ಲಿ. ಎರೆಮಣ್ಣಿನ ದೂಳು ಬಹಳ ನಯವಾದದ್ದು. ಅದು ಹಳೆಯ ಲೇಪದೊಂದಿಗೆ ಬೆರೆತು ಕಪ್ಪು ಅಂಟಿನಂತಾದಾಗ ಎಣ್ಣೆಯ ಕೆಲಸ ನಿಂತು, ಸಾಣೆಕಲ್ಲಿನ ಕೆಲಸ ಆರಂಭವಾಗುತ್ತದೆ. ಅಚ್ಚು ಮತ್ತು ಗುಂಬ ಎರಡೂ ಒಳಗೊಳಗೇ ಸವೆಯುತ್ತವೆ. ಹಳೆಯದರ ಮೇಲೆಯೇ ಹೊಸದನ್ನು ಮೆತ್ತಿದರೆ ಗಾಲಿಯ ಕಿರುಗುಟ್ಟುವ ಸದ್ದು ಅಡಗುತ್ತದೆ, ಸವೆತ ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಹಚ್ಚುವುದಕ್ಕಿಂತ ಒರೆಸುವುದೇ ಮುಖ್ಯ.

ಕ್ರಮ ಹೀಗಿದೆ. ಎತ್ತುಗಳನ್ನು ಬಿಚ್ಚಿ ದೂರ ಕಟ್ಟಬೇಕು. ಎದುರು ಬದಿಯ ಗಾಲಿಯ ಹಿಂದೆ ಮುಂದೆ ಕಲ್ಲು ಕೊಡಬೇಕು. ಈಚೆ ಬದಿಯನ್ನು ಹಾರೆ ಅಥವಾ ಜಾಕ್‌ನಿಂದ ಎತ್ತಿ, ಅಚ್ಚಿನ ಕೆಳಗೆ ಮರದ ದಿಮ್ಮಿ ಇರಿಸಿದ ಮೇಲೆಯೇ ಕಡಾಣಿಯನ್ನು ಕೀಳಬೇಕು. ಜಾಕ್ ಒಂದನ್ನೇ ನಂಬಿ ಗಾಲಿಯ ಬಳಿ ಕೂರುವುದು ಕಾರಿನ ವಿಷಯದಲ್ಲಿ ಎಷ್ಟು ಅಪಾಯವೋ ಇಲ್ಲಿಯೂ ಅಷ್ಟೇ. ಗಾಲಿಯನ್ನು ಪೂರ್ತಿ ಕಳಚದೆ ಅಚ್ಚು ಕಾಣುವಷ್ಟು ಹೊರಗೆ ಎಳೆದು, ಹಳೆಯ ಲೇಪವನ್ನು ಚಿಂದಿಯಿಂದ ಒರೆಸಿ, ಅಚ್ಚಿನ ಮೈಯನ್ನು ಬೆರಳಿನಿಂದ ಸವರಿ ನೋಡಬೇಕು. ಗೀರು ಅಥವಾ ತಗ್ಗು ಬೆರಳಿಗೆ ತಟ್ಟಿದರೆ ಅದನ್ನು ನೆನಪಿನಲ್ಲಿಡಬೇಕು. ನಂತರ ಹೊಸ ಲೇಪ, ಗಾಲಿ, ಕಡಾಣಿ. ದೂರದ ಪ್ರಯಾಣದಲ್ಲಿ ಈ ಕೆಲಸವನ್ನು ಪ್ರತಿ ತಂಗುದಾಣದಲ್ಲಿಯೂ ಒಮ್ಮೆ ಮಾಡುವುದು ಹಳಬರ ವಾಡಿಕೆಯಾಗಿತ್ತು.

ಕಡಾಣಿಯ ಬಗ್ಗೆ ಒಂದು ಮಾತು. ಗಾಲಿ ಅಚ್ಚಿನಿಂದ ಜಾರದಂತೆ ತಡೆಯುವುದು ಗೇಣುದ್ದವೂ ಇಲ್ಲದ ಈ ಕಬ್ಬಿಣದ ಕೀಲು. ಹೆಂಗಸರು, ಮಕ್ಕಳು ಕುಳಿತ ಬಂಡಿ ಉರುಳುವುದು ಹೆಚ್ಚಾಗಿ ಅಚ್ಚು ಮುರಿದಲ್ಲ, ಕಡಾಣಿ ಕಳಚಿ. ಸವೆದ ಕಡಾಣಿಯ ಬದಲು ಮೊಳೆ ಅಥವಾ ತಂತಿ ಸಿಕ್ಕಿಸಿ ಹೊರಡುವ ಅಭ್ಯಾಸ ಅಲ್ಲಲ್ಲಿ ಕಾಣುತ್ತದೆ. ಅದು ದುರಸ್ತಿಯಲ್ಲ. ಒಂದು ಜೊತೆ ಹೆಚ್ಚುವರಿ ಕಡಾಣಿ ಬಂಡಿಯಲ್ಲಿ ಇರಲೇಬೇಕು.

ಸಡಿಲಗೊಂಡ ಗಾಲಿ

ಮರದ ಗಾಲಿಯ ರಚನೆ ಹೊರನೋಟಕ್ಕೆ ಸರಳವೆನಿಸಿದರೂ ಅದರಲ್ಲಿನ ಲೆಕ್ಕ ಸೂಕ್ಷ್ಮವಾದದ್ದು. ನಡುವೆ ಗುಂಬ, ಅದರಿಂದ ಹೊರಡುವ ಅರಗಳು, ಅರಗಳ ತುದಿಯಲ್ಲಿ ಬಾಗಿದ ಮರದ ತುಂಡುಗಳ ಸುತ್ತು, ಅದರ ಮೇಲೆ ಕಬ್ಬಿಣದ ಹಳಿ. ಸಾಮಾನ್ಯವಾಗಿ ಒಂದೊಂದು ತುಂಡಿಗೆ ಎರಡು ಅರಗಳಂತೆ ಆರು ತುಂಡುಗಳಿಗೆ ಹನ್ನೆರಡು ಅರಗಳಿರುತ್ತವೆ. ಇವನ್ನೆಲ್ಲ ಒಟ್ಟಾಗಿ ಹಿಡಿದಿಡುವುದು ಮೊಳೆಯೂ ಅಲ್ಲ, ಅಂಟೂ ಅಲ್ಲ; ಹಳಿಯ ಬಿಗಿತ. ಎರೆನಾಡಿನಲ್ಲಿ ಗಾಲಿಗೆ ಕರಿಜಾಲಿಯ ಮರ ಬಹಳ ಮೆಚ್ಚಿನದು. ಹೊಲದ ಬದುವಿನಲ್ಲಿಯೇ ಬೆಳೆಯುವ ಈ ಮರ ಗಟ್ಟಿ, ಪೆಟ್ಟಿಗೆ ಬೇಗ ಸೀಳುವುದಿಲ್ಲ. ಉಳಿದ ಭಾಗಗಳಿಗೆ ಕಲಘಟಗಿ, ಹಳಿಯಾಳದ ಕಡೆಯ ಕಾಡಿನ ಮತ್ತಿ, ಸಾಗವಾನಿ, ದಿಂಡಲ ಮರಗಳು ಬರುತ್ತಿದ್ದವು.

ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಕಬ್ಬಿಣ ಕುಗ್ಗುವುದಿಲ್ಲ. ಆಗ ಅರಗಳು ಅಲುಗಾಡತೊಡಗುತ್ತವೆ. ಬಂಡಿ ನಡೆದಾಗ ಕಟಕಟ ಸದ್ದು ಕೇಳುತ್ತದೆ. ಹಳ್ಳದ ನೀರಿನಲ್ಲಿ ಗಾಲಿಯನ್ನು ರಾತ್ರಿಯಿಡೀ ನಿಲ್ಲಿಸುವುದು, ಇಲ್ಲವೆ ಒದ್ದೆ ಗೋಣಿತಟ್ಟು ಸುತ್ತುವುದು ಇದಕ್ಕೆ ಎಲ್ಲರೂ ಬಲ್ಲ ಉಪಾಯ. ನೀರು ಹೀರಿದ ಮರ ಉಬ್ಬಿ ಗಾಲಿ ಬಿಗಿಯಾಗುತ್ತದೆ. ಆದರೆ ಈ ಉಪಾಯಕ್ಕೆ ಒಂದು ಮಿತಿಯಿದೆ. ಹಳಿಯೊಳಗೆ ಸಿಕ್ಕಿಕೊಂಡು ಉಬ್ಬುವ ಮರದ ನಾರುಗಳು ಅಲ್ಲಿಯೇ ನಜ್ಜುಗುಜ್ಜಾಗುತ್ತವೆ. ಮತ್ತೆ ಒಣಗಿದಾಗ ಅದು ಮೊದಲಿಗಿಂತ ಹೆಚ್ಚು ಕುಗ್ಗುತ್ತದೆ. ಪ್ರತಿ ಸಲ ನೆನೆಸಿದಾಗಲೂ ಮುಂದಿನ ಸಡಿಲಿಕೆ ಇನ್ನಷ್ಟು ಬೇಗ ಬರುತ್ತದೆ. ಊರಿಗೆ ಮರಳುವ ತನಕ ದಾಟಿಸಲು ನೀರು ಸಾಕು. ವರ್ಷವಿಡೀ ಅದನ್ನೇ ನೆಚ್ಚಿದರೆ ಗಾಲಿ ಕೈಬಿಡುತ್ತದೆ.

ಗಾಲಿಯ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಚಿಕ್ಕ ಸುತ್ತಿಗೆಯಿಂದ ಪ್ರತಿ ಅರವನ್ನೂ ಮೆಲ್ಲಗೆ ತಟ್ಟುತ್ತ ಹೋಗಬೇಕು. ಬಿಗಿಯಾದ ಅರ ಗಂಟೆಯಂತೆ ಸ್ಪಷ್ಟವಾಗಿ ಸದ್ದು ಮಾಡುತ್ತದೆ, ಸಡಿಲವಾದದ್ದು ಮಂಕಾಗಿ. ಎತ್ತಿ ನಿಲ್ಲಿಸಿದ ಗಾಲಿಯ ನೆತ್ತಿಯನ್ನು ಹಿಡಿದು ಒಳಕ್ಕೂ ಹೊರಕ್ಕೂ ದೂಡಿದಾಗ ಅದು ಓಲಾಡಿದರೆ ಗುಂಬದೊಳಗಿನ ಕಬ್ಬಿಣದ ಬಳೆ ಸವೆದಿದೆ ಎಂದು ತಿಳಿಯಬೇಕು. ಅಚ್ಚಿಗೆ ತಗಡಿನ ಪಟ್ಟಿ ಸುತ್ತಿ ಆ ಸಂದನ್ನು ಮುಚ್ಚುವವರಿದ್ದಾರೆ. ತಗಡು ಹರಿದು ಮುದ್ದೆಯಾಗಿ ಗಾಲಿಯನ್ನೇ ಹಿಡಿದುಕೊಳ್ಳುವ ಅಪಾಯ ಅದರಲ್ಲಿದೆ. ಬಳೆಯನ್ನು ಬದಲಿಸುವುದೊಂದೇ ಸರಿಯಾದ ದಾರಿ.

ಹಳಿ ಏರಿಸುವುದು

ಇಲ್ಲಿಗೆ ಮನೆಯವರ ಕೆಲಸ ಮುಗಿದು ಬಡಿಗ ಮತ್ತು ಕಮ್ಮಾರರ ಕೆಲಸ ಆರಂಭವಾಗುತ್ತದೆ. ಸಡಿಲಗೊಂಡ ಹಳಿಯನ್ನು ಕಳಚಿ, ಗಾಲಿಯ ಸುತ್ತಳತೆಯನ್ನು ಅಳೆದು, ಹಳಿಯಿಂದ ಒಂದು ತುಂಡನ್ನು ಕತ್ತರಿಸಿ ಮತ್ತೆ ಬೆಸೆಯುತ್ತಾರೆ. ಈಗ ಹಳಿಯ ಒಳಸುತ್ತು ಗಾಲಿಯ ಹೊರಸುತ್ತಿಗಿಂತ ತುಸು ಕಿರಿದು. ಅದನ್ನು ನೆಲದ ಮೇಲಿಟ್ಟು, ಸುತ್ತ ಕುಳ್ಳು ಪೇರಿಸಿ ಬೆಂಕಿ ಹಚ್ಚುತ್ತಾರೆ. ಒಂದೂವರೆ ಮೀಟರ್ ಅಡ್ಡಳತೆಯ ಗಾಲಿಯ ಹಳಿ ಸುಮಾರು 4.7 ಮೀಟರ್ ಉದ್ದವಿರುತ್ತದೆ. ಕೆಂಪಡರುವಷ್ಟು ಕಾದಾಗ ಅದು ಸುಮಾರು 3 ಸೆಂಟಿಮೀಟರ್ ಹಿಗ್ಗುತ್ತದೆ. ಇಕ್ಕಳಗಳಿಂದ ಎತ್ತಿ ಗಾಲಿಯ ಮೇಲೆ ಕೂಡಿಸಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯುತ್ತಾರೆ. ಕ್ಷಣಾರ್ಧದಲ್ಲಿ ಹಳಿ ಕುಗ್ಗಿ, ಸುತ್ತಿನ ತುಂಡುಗಳನ್ನು ಒತ್ತಿ, ಅರಗಳನ್ನು ಗುಂಬದೊಳಕ್ಕೆ ಬಿಗಿಯುತ್ತದೆ. ಆಗ ಮರ ಚಟಪಟ ಎಂದು ಸದ್ದು ಮಾಡುತ್ತ ಜಾಗ ಹಿಡಿಯುವುದನ್ನು ಕೇಳಲು ಓಣಿಯ ಮಕ್ಕಳೆಲ್ಲ ನೆರೆಯುತ್ತಿದ್ದ ಕಾಲವೊಂದಿತ್ತು.

ಎಷ್ಟು ಕತ್ತರಿಸಬೇಕು ಎಂಬುದರಲ್ಲಿಯೇ ಕಸುಬಿನ ಗುಟ್ಟು ಇದೆ. ಕಡಿಮೆ ಕತ್ತರಿಸಿದರೆ ಹಳಿ ನಿಲ್ಲದು. ಹೆಚ್ಚಾದರೆ ಅರಗಳು ಬಾಗುತ್ತವೆ, ಇಲ್ಲವೆ ಸುತ್ತಿನ ತುಂಡು ಸೀಳುತ್ತದೆ. ಹಳಿ ಏರಿಸುವ ಮೊದಲು ಸುತ್ತಿನ ತುಂಡುಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದಿರಲೇಬೇಕು. ಸಂದಿಲ್ಲದೆ ತುಂಡುಗಳು ಒಂದಕ್ಕೊಂದು ಮೊದಲೇ ತಾಗಿದರೆ ಹಳಿಯ ಒತ್ತಡವೆಲ್ಲ ಅಲ್ಲಿಯೇ ನಿಂತು ಅರಗಳಿಗೆ ತಲುಪುವುದಿಲ್ಲ; ಹೊರಗೆ ಬಿಗಿಯಾಗಿ ಕಾಣುವ ಗಾಲಿ ಒಳಗೆ ಟೊಳ್ಳಾಗಿರುತ್ತದೆ. ಹಳಿಯನ್ನು ಮನೆಯಲ್ಲಿಯೇ ಮರದ ಚೂರು ಬಡಿದು ಬಿಗಿ ಮಾಡುವವರು ಸಾಮಾನ್ಯವಾಗಿ ಇದೇ ದೋಷವನ್ನು ತಂದುಕೊಳ್ಳುತ್ತಾರೆ. ಬಿರುಕು ಬಿಟ್ಟ ಕಬ್ಬಿಣದ ಅಚ್ಚಿಗೆ ವೆಲ್ಡಿಂಗ್ ಮಾಡಿಸಿ ಮತ್ತೆ ಬಳಸುವುದೂ ಸಲ್ಲದು. ಬೆಸುಗೆಯ ಪಕ್ಕದಲ್ಲಿಯೇ ಅದು ಮತ್ತೊಮ್ಮೆ ಮುರಿಯುತ್ತದೆ, ಬಹುಮಟ್ಟಿಗೆ ತುಂಬಿದ ಬಂಡಿಯ ಕೆಳಗೆ.

ಹಿಂದೆ ಆಯಗಾರ ಪದ್ಧತಿಯಲ್ಲಿ ಊರಿನ ಬಡಿಗ, ಕಮ್ಮಾರರಿಗೆ ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ವರ್ಷವಿಡೀ ಬಂಡಿ, ಕೂರಿಗೆ, ಕುಂಟೆಗಳ ದುರಸ್ತಿ ಅವರ ಹೊಣೆಯಾಗಿತ್ತು. ಆ ವ್ಯವಸ್ಥೆ ಕಳಚಿದ ಮೇಲೆ ಬಡಿಗರು ಬಾಗಿಲು, ಕಿಟಕಿಗಳ ಕಡೆಗೂ ಕಮ್ಮಾರರು ವೆಲ್ಡಿಂಗ್ ಕಡೆಗೂ ತಿರುಗಿದರು. ಇಂದು ಹಳಿ ಏರಿಸಬಲ್ಲ ಜೋಡಿಯನ್ನು ಹುಡುಕಲು ಎರಡು ಮೂರು ಊರು ಸುತ್ತಬೇಕಾಗುತ್ತದೆ. ಜಾತ್ರೆಗೆ ವಾರವಿರುವಾಗ ಹೋದರೆ ಯಾರೂ ಸಿಗುವುದಿಲ್ಲ. ಈ ಕೆಲಸವನ್ನು ಬೇಸಿಗೆಯ ಕೊನೆಯಲ್ಲಿ, ಮರ ಪೂರ್ತಿ ಒಣಗಿದ್ದಾಗಲೇ ಮಾಡಿಸುವುದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯದು. ಮಳೆಗಾಲದಲ್ಲಿ ಉಬ್ಬಿದ ಮರದ ಮೇಲೆ ಏರಿಸಿದ ಹಳಿ ಬರುವ ಬೇಸಿಗೆಗೆ ಸಡಿಲಾಗುವುದು ಖಚಿತ.

ನೊಗ ಮತ್ತು ತೂಕ

ಬಂಡಿಯ ದೋಷಗಳ ದಂಡವನ್ನು ಕಟ್ಟುವುದು ಎತ್ತಿನ ಹೆಗಲು. ಗಾಲಿ ಸವೆದರೆ ಎಳೆತ ಭಾರವಾಗುತ್ತದೆ; ನೊಗ ಒರಟಾದರೆ ಹೆಗಲು ಸುಲಿಯುತ್ತದೆ. ನೊಗದ ಕೆಳಮೈಯನ್ನು ವರ್ಷಕ್ಕೊಮ್ಮೆ ಗಾಜಿನ ಚೂರಿನಿಂದ ಅಥವಾ ಉಜ್ಜುಕಾಗದದಿಂದ ನಯ ಮಾಡಿ ಎಣ್ಣೆ ಸವರುವುದು, ನೊಗವನ್ನು ಬಿಗಿಯುವ ಮಿಣಿಯನ್ನು ಬದಲಿಸುವುದು, ಕೊರಳಿಗೆ ಬರುವ ಜತ್ತಿಗೆಯ ಹೊಲಿಗೆ ನೋಡುವುದು ಮನೆಯವರೇ ಮಾಡಬೇಕಾದ ಕೆಲಸಗಳು. ನೊಗಕ್ಕೆ ಚಿಂದಿ ಸುತ್ತಿ ಮೆತ್ತಗೆ ಮಾಡುವ ಪದ್ಧತಿ ಒಳ್ಳೆಯ ಉದ್ದೇಶದ್ದಾದರೂ, ಬೆವರಿನಿಂದ ನೆನೆದ ಗಂಟು ಗಂಟಾದ ಬಟ್ಟೆ ಬರಿಯ ಮರಕ್ಕಿಂತ ಹೆಚ್ಚು ಉಜ್ಜುತ್ತದೆ.

ಕೊಲ್ಲಾರಿ ಕಟ್ಟಿದ ಬಂಡಿಯ ತೂಕದ ಹಂಚಿಕೆ ಸಾಮಾನು ಹೇರಿದ ಬಂಡಿಯಂತಲ್ಲ. ಜನ ಹಿಂದೆ ಸರಿದು ಕುಳಿತರೆ ಏರುದಾರಿಯಲ್ಲಿ ನೊಗ ಮೇಲೆದ್ದು ಎತ್ತುಗಳ ಕೊರಳು ಬಿಗಿಯುತ್ತದೆ. ಎಲ್ಲರೂ ಮುಂದೆ ಕುಳಿತರೆ ಭಾರವೆಲ್ಲ ಹೆಗಲಿಗೆ. ಸಮನೆಲದಲ್ಲಿ ಎತ್ತು ಹೂಡುವ ಮುನ್ನ, ಎಲ್ಲರೂ ಕುಳಿತಿರುವಾಗ, ಒಬ್ಬನೇ ಆಳು ಹೆಚ್ಚು ಶ್ರಮವಿಲ್ಲದೆ ನೊಗವನ್ನು ಎತ್ತಿ ಹಿಡಿಯುವಂತಿದ್ದರೆ ಹಂಚಿಕೆ ಸರಿಯಿದೆ. ಇಲ್ಲದಿದ್ದರೆ ಗಂಟುಮೂಟೆಗಳ ಜಾಗ ಬದಲಿಸಬೇಕು. ಅಜ್ಜಿಯನ್ನು ಎಬ್ಬಿಸುವುದಕ್ಕಿಂತ ಜೋಳದ ಚೀಲವನ್ನು ಸರಿಸುವುದು ಸುಲಭ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 1965ರಲ್ಲಿ ರೂಪಿಸಲಾದ ನಿಯಮಗಳು ಎಳೆಯುವ ಪ್ರಾಣಿಗಳ ದುಡಿಮೆಗೆ ಮಿತಿ ಹಾಕಿವೆ. ಅವುಗಳ ಪ್ರಕಾರ ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಸತತ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ನಡೆಯುವ ಎತ್ತುಗಳೊಂದಿಗೆ ಸವದತ್ತಿಗೆ ಹೊರಡುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಂಡರೆ ತಂಗುದಾಣಗಳು ತಾವಾಗಿಯೇ ನಿಶ್ಚಯವಾಗುತ್ತವೆ. ಡಾಂಬರು ರಸ್ತೆಗೆ ಎತ್ತುಗಳ ಗೊರಸಿಗೆ ಲಾಳ ಹೊಡೆಸುವುದು ಅಗತ್ಯ. ಅದನ್ನು ಹೊರಡುವ ಹಿಂದಿನ ದಿನ ಮಾಡಿಸದೆ ನಾಲ್ಕೈದು ದಿನ ಮೊದಲೇ ಮಾಡಿಸಿದರೆ ಮೊಳೆ ತಾಗಿ ಕುಂಟುವುದಿದ್ದರೆ ಮನೆಯಲ್ಲಿಯೇ ಗೊತ್ತಾಗುತ್ತದೆ.

ಮೇಲ್ಛಾವಣಿ

ಕೊಲ್ಲಾರಿಯ ಕಮಾನುಗಳು ಒಣಗಿದ ಬಿದಿರಿನಿಂದ ಆದವು. ಹಳೆಯ ಬಿದಿರಿಗೆ ಕೊರೆಯುವ ಹುಳು ಹತ್ತಿದರೆ ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತದೆ. ಅಂಥ ಕಮಾನನ್ನು ಉಳಿಸಿಕೊಳ್ಳುವ ಪ್ರಯತ್ನ ವ್ಯರ್ಥ. ಹಸಿ ಬಿದಿರನ್ನು ಸೀಳಿ, ಕೆಲವು ದಿನ ನೀರಿನಲ್ಲಿ ಮುಳುಗಿಸಿಟ್ಟು, ನಂತರ ಬಾಗಿಸಿ ಕಟ್ಟಿ ನೆರಳಿನಲ್ಲಿ ಒಣಗಿಸಿದರೆ ಹುಳುವಿನ ಬಾಧೆ ಕಡಿಮೆ. ಕಟ್ಟುವುದಕ್ಕೆ ಪ್ಲಾಸ್ಟಿಕ್ ಹಗ್ಗಕ್ಕಿಂತ ಪುಂಡಿ ನಾರಿನ ಹಗ್ಗ ಮೇಲು. ಬಿಸಿಲಿಗೆ ಅದು ಜಾರುವುದಿಲ್ಲ. ಇತ್ತೀಚೆಗೆ ಚಾಪೆಯ ಜಾಗಕ್ಕೆ ತಾಡಪತ್ರಿ ಬಂದಿದೆ. ಮಳೆಗೆ ಅದು ಒಳ್ಳೆಯದು, ಬಿಸಿಲಿಗೆ ಅಲ್ಲ. ಒಳಗೆ ಉರಿ ಹೆಚ್ಚುತ್ತದೆ. ಕೆಳಗೆ ಚಾಪೆ, ಮೇಲೆ ತಾಡಪತ್ರಿ ಹಾಕಿ ನಡುವೆ ನಾಲ್ಕು ಬೆರಳು ಗಾಳಿಯಾಡಲು ಬಿಟ್ಟರೆ ಎರಡೂ ಅನುಕೂಲ ದೊರೆಯುತ್ತವೆ.

ಬಂಡಿಯ ಮರಕ್ಕೆ ಟ್ರ್ಯಾಕ್ಟರ್‌ನ ಸುಟ್ಟ ಎಂಜಿನ್ ಆಯಿಲ್ ಬಳಿಯುವುದು ಈಗ ಸಾಮಾನ್ಯವಾಗಿದೆ. ಗೆದ್ದಲಿಗೆ ಅದು ತಡೆಯೇನೋ ಹೌದು. ಆದರೆ ಜನ ಮಲಗುವ, ಬಟ್ಟೆ ತಾಗುವ ಬಂಡಿಗೆ ಅದು ತಕ್ಕದ್ದಲ್ಲ. ಅದು ಒಣಗುವುದಿಲ್ಲ, ದೂಳನ್ನು ಹಿಡಿಯುತ್ತದೆ, ಬೆಂಕಿಗೂ ಆಹ್ವಾನ. ಇದೇ ಎರೆಹೊಲಗಳಲ್ಲಿ ಬೆಳೆಯುವ ಅಗಸೆಯ ಎಣ್ಣೆ ಗಾಳಿಗೆ ಒಣಗಿ ಮರದ ಮೇಲೆ ಗಟ್ಟಿ ಪೊರೆಯಾಗುತ್ತದೆ. ತೆಳುವಾಗಿ ಎರಡು ಮೂರು ಸಲ ಹಚ್ಚಿದರೆ ಸಾಕು. ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಎಸೆಯದೆ ಹರಡಿ ಒಣಗಿಸಬೇಕು. ಅಗಸೆ ಎಣ್ಣೆಯ ಚಿಂದಿ ಮುದ್ದೆಯಾಗಿ ಬಿದ್ದಲ್ಲಿ ತಾನಾಗಿಯೇ ಕಾದು ಹೊತ್ತಿಕೊಳ್ಳುವುದುಂಟು.

ಟಾಯರ್ ಗಾಡಿ ಮತ್ತು ರಸ್ತೆ

ಹಳಿಯ ಗಾಲಿಗಳ ಬದಲು ಟಾಯರ್ ಹಾಕಿದ ಗಾಡಿಗಳು ಡಾಂಬರು ರಸ್ತೆಯಲ್ಲಿ ಎತ್ತುಗಳ ಶ್ರಮವನ್ನು ಬಹಳಷ್ಟು ತಗ್ಗಿಸಿವೆ. ಎತ್ತಿನ ಗಾಡಿಯ ಸುಧಾರಣೆಯನ್ನೇ ಬದುಕಿನ ಕಾರ್ಯವಾಗಿಸಿಕೊಂಡಿದ್ದ, ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಸ್ಥಾಪಕ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಅವರು ದಶಕಗಳ ಕಾಲ ಪ್ರತಿಪಾದಿಸಿದ್ದೂ ಹಗುರವಾದ, ಬೇರಿಂಗ್ ಇರುವ ಗಾಡಿಯನ್ನೇ. ಆದರೆ ಟಾಯರ್ ಗಾಡಿಗೆ ಆರೈಕೆ ಬೇಡವೆಂಬುದು ತಪ್ಪು ತಿಳಿವಳಿಕೆ. ಬೇರಿಂಗ್‌ಗಳನ್ನು ವರ್ಷಕ್ಕೊಮ್ಮೆ ಬಿಚ್ಚಿ, ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ ಹೊಸ ಗ್ರೀಸ್ ತುಂಬಬೇಕು. ಹಳ್ಳ ದಾಟಿದ ಗಾಡಿಗಂತೂ ಇದು ತಪ್ಪದು. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ಕೆಸರುನೀರು ಬೇರಿಂಗಿನೊಳಗೆ ಹೊಕ್ಕರೆ ಅದು ತುಕ್ಕು ಹಿಡಿಯಲು ಹೆಚ್ಚು ಕಾಲ ಬೇಡ. ಗುಜರಿಯಿಂದ ತಂದ ಎರಡು ಟಾಯರ್‌ಗಳ ಎತ್ತರ ಬೇರೆ ಬೇರೆಯಾಗಿದ್ದರೆ ಗಾಡಿ ಒಂದು ಬದಿಗೆ ವಾಲಿ, ಒಂದೇ ಎತ್ತಿನ ಮೇಲೆ ಹೆಚ್ಚು ಹೊರೆ ಬೀಳುತ್ತದೆ.

ಹಳಿಗಾಲಿಗಿಂತ ಟಾಯರ್ ಗಾಡಿ ಇಳಿಜಾರಿನಲ್ಲಿ ಬೇಗ ಓಡುತ್ತದೆ ಎಂಬುದನ್ನೂ ಮರೆಯಬಾರದು. ಯಲ್ಲಮ್ಮನ ಗುಡ್ಡದಿಂದ ಇಳಿಯುವಾಗ ಬಂಡಿಯನ್ನು ತಡೆಯುವುದು ಎತ್ತುಗಳ ಕೊರಳೊಂದೇ ಆಗಬಾರದು. ಗಾಲಿಗಳಿಗೆ ಒತ್ತಿ ನಿಲ್ಲುವಂತೆ ಅಡ್ಡಮರವೊಂದನ್ನು ಹಗ್ಗದಿಂದ ಬಿಗಿಯುವ ಸರಳ ಬ್ರೇಕ್ ಅನ್ನು ಯಾವ ಬಡಿಗನಾದರೂ ಮಾಡಿಕೊಡಬಲ್ಲ. ಜನರನ್ನು ಇಳಿಸಿ ನಡೆಸುವುದು ಅದಕ್ಕಿಂತಲೂ ಸುಲಭ.

ರಾತ್ರಿಯ ಪ್ರಯಾಣ ಹಿಂದೆ ತಂಪಿಗಾಗಿ ಮೆಚ್ಚಿನದಾಗಿತ್ತು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ನವಲಗುಂದದ ಮೂಲಕವೇ ಹಾದುಹೋಗುತ್ತದೆ. ವೇಗವಾಗಿ ಬರುವ ಲಾರಿಯ ಚಾಲಕನಿಗೆ ದೀಪವಿಲ್ಲದ ಬಂಡಿ ಕಾಣುವುದು ತೀರ ಹತ್ತಿರ ಬಂದ ಮೇಲೆ. ಬಂಡಿಯ ಕೆಳಗೆ ತೂಗುವ ಕಂದೀಲು ಈಗ ಸಾಲದು. ಹಿಂಬದಿಗೆ ಕೆಂಪು, ಮುಂಬದಿಗೆ ಬಿಳಿ ಪ್ರತಿಫಲಕ ಪಟ್ಟಿಗಳನ್ನು ಅಂಟಿಸುವುದು ಚಕ್ಕಡಿಯ ಎಲ್ಲ ದುರಸ್ತಿಗಳಲ್ಲಿ ಅತ್ಯಂತ ಅಗ್ಗದ್ದು. ಅದನ್ನು ಬಣ್ಣದ ಪರಪರಿ, ಜೂಲುಗಳ ಕೆಳಗೆ ಮುಚ್ಚಿಡದಿದ್ದರಾಯಿತು. ಕೊಲ್ಲಾರಿಯೊಳಗೆ ಸೀಮೆಎಣ್ಣೆಯ ದೀಪವಂತೂ ಬೇಡವೇ ಬೇಡ. ಹುಲ್ಲು, ಚಾಪೆ, ಬಿದಿರು ಇರುವಲ್ಲಿ ಬ್ಯಾಟರಿಯೊಂದೇ ಸುರಕ್ಷಿತ. ಒಲೆ ಹೂಡುವ ಜಾಗ ಬಂಡಿಯಿಂದ ಹತ್ತಾರು ಹೆಜ್ಜೆ ದೂರ, ಗಾಳಿ ಬೀಸುವ ದಿಕ್ಕಿಗೆ ಕೆಳಗಿರಬೇಕು.

ಜಾತ್ರೆ ಮುಗಿದು ಪಡ್ಡಲಗಿ ತುಂಬಿಸಿ ಮರಳಿದ ಮೇಲೆ ಬಂಡಿಯನ್ನು ಹಾಗೆಯೇ ಹಿತ್ತಲಿಗೆ ದೂಡುವುದು ರೂಢಿ. ಮುಂದಿನ ವರ್ಷದ ಹಾನಿ ಮೊದಲಾಗುವುದು ಅಲ್ಲಿಂದಲೇ. ಗಾಲಿಗಳ ಕೆಳಗೆ ಚಪ್ಪಡಿ ಕಲ್ಲು ಇಟ್ಟು ನೆಲದ ತೇವ ಮತ್ತು ಗೆದ್ದಲಿನಿಂದ ದೂರವಿರಿಸಬೇಕು. ನೊಗದ ತುದಿಯನ್ನು ಊರುಗೋಲಿಗೆ ಏರಿಸಿ ಬಂಡಿಯನ್ನು ಸಮವಾಗಿ ನಿಲ್ಲಿಸಬೇಕು. ತಿಂಗಳಿಗೊಮ್ಮೆ ಗಾಲಿಯನ್ನು ಕಾಲು ಸುತ್ತು ತಿರುಗಿಸಿದರೆ ಒಂದೇ ಅರದ ಮೇಲೆ ಭಾರ ನಿಲ್ಲುವುದಿಲ್ಲ. ಕೊಲ್ಲಾರಿಯನ್ನು ಬಿಚ್ಚಿ ದನದ ಮನೆಯ ತೊಲೆಗೆ ತೂಗುಹಾಕಿ, ನವಲಗುಂದದ ಜಮಖಾನವನ್ನು ಕೊಡವಿ ಬಿಸಿಲಿಗೆ ಹರಡಿ, ಕಡಾಣಿಗಳನ್ನು ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಡುವ ಹೊತ್ತಿಗೆ ಸಂಜೆಯಾಗುತ್ತದೆ.